ಹಗೇವಿನೊಳಗಿನ ಬೆಳಕು

ಸೇಡಂನ ಆ ಹಳೆಯ ಮನೆಯ ನಡುಮನೆಯಲ್ಲಿ ಒಬ್ಬ ಆಳು ಇಳಿಯುವಷ್ಟು ಜಾಗ ಮಾತ್ರ ಇನ್ನೂ ಬಾಯಿ ತೆರೆದುಕೊಂಡಿತ್ತು. ಅದರ ಕೆಳಗೆ ಹಗೇವು. ಹಿಂದೆ ಮನೆಯ ಜೋಳವನ್ನೆಲ್ಲ ನುಂಗಿ ಕೂತಿರುತ್ತಿದ್ದ, ಆಳೆತ್ತರಕ್ಕೂ ಮಿಕ್ಕಿದ ಗುಂಡಿ. ಜೋಳ ಹಾಕುವುದು ನಿಂತ ಮೇಲೆ ಹಿರಿಯರು ಅದಕ್ಕೆ ಹಲಗೆ ಹಾಸಿ ಮುಚ್ಚಿಬಿಟ್ಟಿದ್ದರು. ಈಗ ಆ ಹಲಗೆಗಳ ಮೇಲೆ ಸಿಮೆಂಟ್ ಬೋರ್ಡು ಬಿಗಿದು ಟೈಲ್ಸ್ ಹಾಕುವ ಕೆಲಸ ನಡೆದಿತ್ತು.

ಮಿಸ್ತ್ರಿ ಸಾಯಬಣ್ಣ ಬೋರ್ಡಿನ ಮೇಲೆ ಹಿಮ್ಮಡಿ ಊರಿ ನೋಡಿದ.

“ಅಣವೀರಾ, ನಡುವ ಜೋಲಿ ಹೊಡಿಲಿಕತ್ತದಪಾ. ಹಿಂಗೇ ಟೈಲ್ಸ್ ಕುಂದ್ರಿಸಿದ್ರ ಎಲ್ಲಾ ಸೀಳ್ತಾವ. ಹಲಗಿ ಕೆಳಗ ಒಂದು ಕಂಬ ಕೊಡಬೇಕು.”

“ಅದಕ್ಕೇನು, ನಾನೇ ಇಳೀತೀನಿ,” ಎಂದು ಮನೆಯೊಡೆಯ ಅಣವೀರ ಏಣಿ ಎಳೆದ.

ಅವನ ಹೆಂಡತಿ ಪ್ರೀತಿಗೆ ತನ್ನ ಅಜ್ಜಿಯ ಮಾತು ನೆನಪಾಯಿತು. ಚಿಕ್ಕಂದಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಅವಳು ಹೇಳುತ್ತಿದ್ದಳು: “ಹಗೇವಿಗೆ ಹಲ್ಲಿಲ್ಲವ್ವಾ. ಮೊದಲು ದೀಪ ತಿಂತದ, ಆಮ್ಯಾಲ ಉಸಿರು ತಿಂತದ.”

“ತಡೀರಿ, ದೇವರ ದೀಪ ತರ್ತೀನಿ. ಮೊದಲು ಅದನ್ನ ಇಳಿಸಿ ನೋಡ್ರಿ.”

“ಕೇಳಿದೇನು ಕಾಕಾ?” ಅಣವೀರ ಸಾಯಬಣ್ಣನತ್ತ ತಿರುಗಿ ನಕ್ಕ. “ ಮೊಬೈಲಿನಾಗ ಟಾರ್ಚ್ ಇದ್ರೂ ನಿನ್ನ ಸೊಸಿ ದೀಪ ಹಚ್ಚಲಿಕತ್ತಾಳ!”

“ಹಂಗಾರ ಹಗ್ಗಾನರ ಕಟ್ಟಿಕೊಳ್ರಿ. ಇಲ್ಲಂದ್ರ ನಾ ಬಿಡಂಗಿಲ್ಲ.”

“ಕಟ್ಟು ಮಾರಾಯ್ತಿ, ಎತ್ತಿಗೆ ಕಟ್ಟಿದಂಗ ಕಟ್ಟು.”

ಅವಳು ನಗಲಿಲ್ಲ. ಬಾವಿಯ ಹಗ್ಗವನ್ನು ಅವನ ಕಂಕುಳ ಕೆಳಗೆ ಎರಡು ಸುತ್ತು ಬಿಗಿದಳು. ಅವನು ಇಳಿದ. ಹುಳಿತ ಜೋಳದ ವಾಸನೆ ಮೇಲೆದ್ದಿತು. ಕೆಳಗೆ ಟಾರ್ಚಿನ ಬಿಳಿ ಬೆಳಕು ಗೋಡೆಯ ಮೇಲೆ ಆಡಿತು, ಆಮೇಲೆ ಒಂದೆಡೆ ನಿಂತಿತು.

“ಕಂಬ ಬಿಡ್ಲೇನೋ?” ಸಾಯಬಣ್ಣ ಕೂಗಿದ.

ಪ್ರೀತಿ ಗುಂಡಿಯ ಬಾಯಿಗೆ ಬಗ್ಗಿ ಹಗ್ಗ ಅಲ್ಲಾಡಿಸಿದಳು.

“ಏನ್ರೀ... ರೀ!”

ಬೆಳಕು ಮಾತ್ರ ಅಲುಗದೆ ಉರಿಯುತ್ತಲೇ ಇತ್ತು. ದೀಪವಾಗಿದ್ದರೆ ಗಾಳಿಯಿಲ್ಲದೆ ಯಾವಾಗಲೋ ಆರಿ ಹೋಗಿರುತ್ತಿತ್ತು ಎಂಬುದು ಅವಳಿಗೆ ಹೊಳೆಯಿತು. ಸಾಯಬಣ್ಣ ಆಗಲೇ ಏಣಿಗೆ ಕಾಲಿಟ್ಟಿದ್ದ. ಅವಳು ಅವನ ಅಂಗಿ ಹಿಡಿದು ಎಳೆದಳು.

“ಇಳೀಬ್ಯಾಡ ಕಾಕಾ! ಆ ಬೆಳಕು ಸುಳ್ಳು ಹೇಳ್ಲಿಕತ್ತದ! ಹಗ್ಗ ಜಗ್ಗು!”

ಅವಳ ಚೀರಾಟಕ್ಕೆ ಪಕ್ಕದ ಮನೆಯ ಅಮೀರ್ಬೀ ಹಿಟ್ಟಿನ ಕೈಯಲ್ಲೇ ಓಡಿಬಂದು ಹಗ್ಗಕ್ಕೆ ಕೈಹಾಕಿದಳು. ಮೂವರೂ ಎಳೆದರು. ಹಗ್ಗ ಬೋರ್ಡಿನ ಅಂಚನ್ನು ಕೊರೆಯಿತು. ಒಮ್ಮೆ ಅವನ ಭುಜ ಹಲಗೆಗೆ ಸಿಕ್ಕಿಕೊಂಡಾಗ ಪ್ರೀತಿಗೆ ಕೆಳಗಿನಿಂದಲೂ ಯಾರೋ ಎಳೆಯುತ್ತಿದ್ದಾರೆ ಅನಿಸಿತು. ಅಜ್ಜಿಯ ಹೆಸರು ಹಿಡಿದು ಒದರುತ್ತ ಅವಳು ಇಡೀ ಮೈಭಾರ ಬಿಟ್ಟು ಹಿಂದಕ್ಕೆ ಬಿದ್ದಳು. ನೀಲಿಗಟ್ಟಿದ ತುಟಿಯ ಅಣವೀರ ನೆಲದ ಮೇಲೆ ಬಂದ.

ಅಂಗಳಕ್ಕೆ ಹೊತ್ತು ಹಾಕಿದರು. ಎದೆ ಏಳಲಿಲ್ಲ. ಅಮೀರ್ಬೀ ಅವನ ಬೆನ್ನಿಗೆ ಬಡಿದಳು, ಮತ್ತೆ ಬಡಿದಳು. ಆಮೇಲೆ ಒಂದು ಕೆಮ್ಮು.

ಅಮೀರ್ಬೀ ದವಾಖಾನೆಗೆಂದು ಆಟೋ ಕರೆಯಲು ಹೋದಳು. ಸಾಯಬಣ್ಣ ದೇವರ ದೀಪವನ್ನು ದಾರಕ್ಕೆ ಕಟ್ಟಿ ಹಗೇವಿಗೆ ಇಳಿಸಿದ. ಗುಂಡಿಯ ಕುತ್ತಿಗೆ ದಾಟುತ್ತಲೇ ಅದು ಪುಸಕ್ಕೆಂದು ಆರಿತು. ಅದೇ ಹೊತ್ತಿಗೆ ಕೆಳಗೆ ಬಿದ್ದಿದ್ದ ಮೊಬೈಲು ರಿಂಗಾಗತೊಡಗಿತು. ಯಾರೂ ಬಗ್ಗಿ ನೋಡಲಿಲ್ಲ.

“ಒಂದು ಗಾಡಿ ಮುರುಮು ಮಣ್ಣು ತರಿಸಿ ತುಂಬಿಬಿಡು ಕಾಕಾ,” ಎಂದಳು ಪ್ರೀತಿ.

“ಮತ್ತ ಮೊಬೈಲು?”

“ಅದರ ಮ್ಯಾಲೇ ಹಾಕು.”

ಅಣವೀರ ಎದೆಯ ಮೇಲಿನ ಗಂಟು ಬಿಚ್ಚಲು ನೋಡಿದ. ಪ್ರೀತಿ ಅವನ ಕೈ ಸರಿಸಿ, ಹಗ್ಗದ ತುದಿಯನ್ನು ತನ್ನ ಮುಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.