ಮಾನಪ್ಪನ ಕೈಗುಣ

ನಾನು ಒಂದು ಕಂಬಚ್ಚು. ಹೆಸರು ಕೇಳಿದವರು ಈಗ ಕಡಿಮೆ. ಅಂಗೈಗಿಂತ ಸ್ವಲ್ಪ ಉದ್ದದ ಉಕ್ಕಿನ ಪಟ್ಟಿ, ಮೈತುಂಬ ತೂತು. ಒಂದು ತುದಿಯಲ್ಲಿ ಪೆನ್ಸಿಲ್ ತೂರುವಷ್ಟು ದೊಡ್ಡದು, ಇನ್ನೊಂದು ತುದಿಯಲ್ಲಿ ಸೂಜಿಯೂ ಯೋಚಿಸಬೇಕಾದಷ್ಟು ಸಣ್ಣದು. ಬೆಳ್ಳಿಯ ಕಂಬಿಯನ್ನು ಈ ತೂತುಗಳಲ್ಲಿ ಒಂದಾದ ಮೇಲೊಂದರಂತೆ ತೂರಿಸಿ ಎಳೆದರೆ ಅದು ಸಣ್ಣಗಾಗುತ್ತ, ಉದ್ದವಾಗುತ್ತ ತಂತಿಯಾಗುತ್ತದೆ. ಅಷ್ಟೇ ನನ್ನ ಕೆಲಸ.

ಕುಷ್ಟಗಿಯ ಹತ್ತಿರದ ಒಬ್ಬ ಕಮ್ಮಾರ ಸವೆದುಹೋದ ಅರವೊಂದನ್ನು ಕಾಯಿಸಿ, ಬಡಿದು, ಬಿಸಿ ಇರುವಾಗಲೇ ತೂತು ಹೊಡೆದು ನನ್ನನ್ನು ಮಾಡಿದ. ಅರವಾಗಿದ್ದಾಗ ಏನೇನು ಉಜ್ಜಿದ್ದೆನೋ ನೆನಪಿಲ್ಲ. ಹಿಂದಿನ ಜನ್ಮದ್ದು ಯಾರಿಗೆ ನೆನಪಿರುತ್ತದೆ? ಪಕ್ಕದ ಊರಿನ ಬೆಳ್ಳಿ ಕೆಲಸದ ಕಾಳಪ್ಪ ಪತ್ತಾರ ನನ್ನನ್ನು ಕೊಂಡು ಮನೆಗೆ ತಂದ.

ಬೆಳ್ಳಿ ನನ್ನೊಳಗೆ ಹಾಯುವಾಗ ಕಿರ್ರೆನ್ನುತ್ತದೆ, ನನ್ನ ಮೈಯನ್ನೂ ಬೆಚ್ಚಗೆ ಮಾಡುತ್ತದೆ. ಆ ಕ್ಷಣ ಅದು ನನ್ನದೇ ಅನ್ನಿಸುತ್ತದೆ. ಆಮೇಲೆ ಹೋಗಿಬಿಡುತ್ತದೆ. ಉಡಿದಾರವಾಗಿ, ಗೆಜ್ಜೆಯಾಗಿ, ಕಾಲುಂಗುರವಾಗಿ ಯಾರದೋ ಮೈ ಸೇರುತ್ತದೆ. ಎಷ್ಟೋ ವರ್ಷಗಳ ಮೇಲೆ ಅದೇ ಬೆಳ್ಳಿ ಕರಗಿಸಲೆಂದು ಮತ್ತೆ ನಮ್ಮ ಮನೆಗೆ ಬಂದರೂ ಅದಕ್ಕೆ ನನ್ನ ಗುರುತಿರುವುದಿಲ್ಲ. ಇದು ದೂರಲ್ಲ. ಆದರೆ ಒಂಟಿತನ ಅಂದರೇನು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಕಾಳಪ್ಪ ತೀರಿಕೊಂಡ ಮೇಲೆ ಮಗ ಮಾನಪ್ಪನ ಕೈಗೆ ಬಂದೆ. ಮಾನಪ್ಪನ ಹೆಂಡತಿ ಮದುವೆಯಾದ ಸ್ವಲ್ಪ ದಿನಕ್ಕೇ ಜ್ವರದಲ್ಲಿ ಹೋಗಿದ್ದಳು. ಮಕ್ಕಳಿರಲಿಲ್ಲ. ಮನೆಯಲ್ಲಿ ಇದ್ದವಳು ತಂಗಿ ಗಂಗವ್ವ. ಅವಳು ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಅತ್ತೆಯ ಮನೆಯವರು ಬಳೆ ಒಡೆದು, ಕಾಲುಂಗುರ ತೆಗೆಸಿ ಕಳುಹಿಸಿದ್ದರು. ಅಡುಗೆ ಮನೆ ಬಿಟ್ಟರೆ ಅವಳಿಗೆ ಬೇರೆ ಜಾಗವಿರಲಿಲ್ಲ. ದಪ್ಪ ಕಂಬಿ ಎಳೆಯುವಾಗ ಮಾತ್ರ ಮಾನಪ್ಪ ಕರೆಯುತ್ತಿದ್ದ. ಅವಳು ಎದುರಿಗೆ ಕೂತು ನನ್ನನ್ನು ಗೂಟಕ್ಕೆ ಒತ್ತಿ ಹಿಡಿಯುತ್ತಿದ್ದಳು, ಅವನು ಇಕ್ಕಳದಿಂದ ಎಳೆಯುತ್ತಿದ್ದ. ಕೆಲಸ ಮುಗಿದ ಕೂಡಲೇ ಅವಳು ಮತ್ತೆ ಒಳಗೆ.

ಮಾನಪ್ಪನ ಕೈಗುಣ ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೆಸರಾಗಿತ್ತು. ಅವನು ಮಾಡಿದ ಕಾಲುಂಗುರ ತೊಟ್ಟವಳು ಮುತ್ತೈದೆಯಾಗಿ ಬಾಳುತ್ತಾಳೆ ಎಂದು ಜನ ನಂಬಿದ್ದರು. ಮದುವೆ ಗೊತ್ತಾದರೆ ಮೊದಲು ಪತ್ತಾರನ ಮನೆ, ಆಮೇಲೆ ಬಟ್ಟೆ ಅಂಗಡಿ. ಬೆಳ್ಳಿಗೆ ಮೈ ಸವೆಸಿಕೊಳ್ಳುವುದು ನಾನು, ಗುಣ ಮಾತ್ರ ಅವನ ಕೈಯದು! ಇರಲಿ, ಅದು ಲೋಕದ ರೀತಿ.

ಒಂದು ವರ್ಷ ಆ ಕೈ ನಡುಗಲು ಶುರುವಾಯಿತು. ಮೊದಲು ತಂತಿ ತೂತಿಗೆ ತೂರಿಸುವಾಗ ತಪ್ಪುತ್ತಿತ್ತು. ಆಮೇಲೆ ಬೆಸುಗೆಯೇ ಕೂಡದಾಯಿತು. ಮದುವೆಯ ಉಂಗುರಗಳಿಗೆ ಬೆಳ್ಳಿ ಕೊಟ್ಟು ಹೋದವರು ಬಾಗಿಲಿಗೆ ಬರುವ ದಿನ ಹತ್ತಿರವಾಗುತ್ತಿತ್ತು. ಒಂದು ಮಧ್ಯಾಹ್ನ ಅವನು ಬೀದಿ ಬಾಗಿಲು ಹಾಕಿ ತಂಗಿಯನ್ನು ಕರೆದ.

“ಗಂಗಾ, ಇಲ್ಲೆ ಕುಂದ್ರು. ಅಗ್ಗಿಷ್ಟಿಕೆ ಮುಂದ.”

“ನಾನಾ? ಮದಿವಿ ಉಂಗುರಾ? ಯಣ್ಣಾ, ನಿನಗೇನ್ ತಲಿ ಕೆಟ್ಟೈತೇನು? ಮಂದಿಗೆ ಗೊತ್ತಾದ್ರ ಊರ ಹೆಣ್ಮಕ್ಳೆಲ್ಲಾ ಕಾಲಿಂದ ಕಿತ್ತು ಒಗೀತಾರ.”

“ಗೊತ್ತಾಗಬಾರ್ದು ಅಂತನ ಬಾಗಲಾ ಹಾಕೀನಿ. ನನ್ನ ಕೈ ನೋಡು. ಬಾಯಿ ಮುಚ್ಚಿಕೊಂಡು ಊದುಗೊಳವಿ ಹಿಡಿ.”

“ಬಾಯಿ ಮುಚ್ಚಿಕೊಂಡು ಹೆಂಗ ಊದ್ಲಿ?” ಎಂದು ಅವಳು ನಕ್ಕಳು. ತವರಿಗೆ ಬಂದ ಮೇಲೆ ಅವಳು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅವಳ ಕಲಿಕೆ ಸುಲಭದ್ದಾಗಿರಲಿಲ್ಲ. ಮೂಸೆಯಲ್ಲಿ ಬೆಳ್ಳಿ ಕರಗಿಸಿ, ಚಿಟಿಕೆ ಬಿಳಿಗಾರ ಹಾಕಿ, ಎಣ್ಣೆ ಸವರಿದ ಅಚ್ಚಿಗೆ ಹೊಯ್ದದ್ದು ಚೆನ್ನಾಗಿಯೇ ಬಂತು. ಕಂಬಿ ಬಡಿದದ್ದೂ ಸರಿ. ನನ್ನ ಬಳಿ ಬಂದಾಗ ಮಾತ್ರ ಅವಸರ ಮಾಡಿದಳು. ಎಳೆದಷ್ಟೂ ಬೆಳ್ಳಿ ಬಿರುಸಾಗುತ್ತದೆ. ನಡುನಡುವೆ ಅದನ್ನು ಬೆಂಕಿಯಲ್ಲಿಟ್ಟು, ಮಂಕುಗೆಂಪಾಗಿಸಿ, ನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿಕೊಳ್ಳಬೇಕು. ಅವಳು ಕಾಯಿಸದೆಯೇ ಎಳೆದಳು, ಸಾಲದ್ದಕ್ಕೆ ಒಂದು ತೂತು ಬಿಟ್ಟು ಮುಂದಿನದಕ್ಕೆ ಹಾರಿದಳು. ತಂತಿ ಪಟ್ಟನೆ ಕಡಿಯಿತು. ಇಕ್ಕಳದ ಸಮೇತ ಗಂಗವ್ವ ಹಿಂದಕ್ಕೆ ಬಿದ್ದಳು.

“ಬೆಳ್ಳಿಗೂ ದಣಿವು ಇರತೈತಿ. ಸ್ವಲ್ಪ ಕುಂದ್ರಿಸಿ ಎಬ್ಬಿಸು,” ಎಂದ ಮಾನಪ್ಪ.

ಬೆಸುಗೆಯಲ್ಲಿ ಇನ್ನೂ ಪಾಡುಪಟ್ಟಳು. ಉಂಗುರದ ತುದಿಗಳು ಕೂಡುವ ಗಳಿಗೆ ಬಹಳ ಸಣ್ಣದು. ಊದುವುದು ಒಂದು ಉಸಿರು ಹೆಚ್ಚಾದರೆ ಉಂಗುರವೇ ಕುಸಿದು ಗುಂಡಾಗುತ್ತದೆ. ಅಂಥ ಗುಂಡುಗಳು ತಟ್ಟೆಯಲ್ಲಿ ಸಾಲುಸಾಲಾಗಿ ಕೂತಾಗ ಮಾನಪ್ಪ, “ಕಾಲುಂಗ್ರ ಬ್ಯಾಡ ಬಿಡು, ಗೋಲಿ ಆಡೋಣು,” ಎಂದು ಚೇಷ್ಟೆ ಮಾಡಿದ. ಅವಳು ಸಿಟ್ಟಿನಿಂದ ಅವನ್ನೆಲ್ಲ ಮತ್ತೆ ಮೂಸೆಗೆ ಸುರಿದಳು. ಕೊನೆಗೊಂದು ಜೋಡಿ ಕೂಡಿತು. ಹುಣಸೆಹುಳಿ ನೀರಿನಲ್ಲಿ ಕುದಿಸಿ, ಅಂಟುವಾಳದ ನೊರೆಯಲ್ಲಿ ತಿಕ್ಕಿ, ಸೆರಗಿನಿಂದ ಒರೆಸಿ ಅಂಗೈಯಲ್ಲಿಟ್ಟುಕೊಂಡಳು. ತಿರುಗಿಸಿ ತಿರುಗಿಸಿ ನೋಡಿದಳು. ತನ್ನ ಕಾಲಿನ ಹತ್ತಿರ ಮಾತ್ರ ಒಯ್ಯಲಿಲ್ಲ.

ಅಂದಿನಿಂದ ಹೊಸ ವ್ಯವಸ್ಥೆ ಶುರುವಾಯಿತು. ಒಳಕೋಣೆಯಲ್ಲಿ ಗಂಗವ್ವ, ನಾನು, ಬೆಂಕಿ. ಹೊರಗೆ ಪಡಸಾಲೆಯಲ್ಲಿ ಮಾನಪ್ಪ. ಅವನು ಬರಿಯ ಅಡಿಗಲ್ಲನ್ನು ಸುತ್ತಿಗೆಯಿಂದ ಟಣ್ ಟಣ್ ಎಂದು ಬಡಿಯುತ್ತ ಕೂರುತ್ತಿದ್ದ, ಬೀದಿಗೆ ಕೇಳಲಿ ಎಂದು. ಎದುರು ಹಿಡಿಯುವವರಿಲ್ಲದೆ ಗಂಗವ್ವ ಗೂಟಕ್ಕೆ ಅಂಗಾಲು ಒತ್ತಿ, ನನ್ನನ್ನು ತಾನೇ ಸಂಭಾಳಿಸಿ, ತಾನೇ ಎಳೆಯುವುದನ್ನು ರೂಢಿ ಮಾಡಿಕೊಂಡಳು. ಎಳೆಯುವಾಗ ಅವಳ ಉಸಿರು ನನಗೆ ತಾಗುತ್ತಿತ್ತು. ನನಗೆ ಅವಳೂ ಅವಳಿಗೆ ನಾನೂ, ಮಾತಿಲ್ಲದ ಜೊತೆ.

ಮದುವೆ ಮನೆಗೆ ಹೋಗಿ ಹೆಣ್ಣಿನ ಕಾಲಿಗೆ ಉಂಗುರ ತೊಡಿಸಿ ಬರುವುದು ಮಾನಪ್ಪನ ಪಾಲು. ಗಂಗವ್ವ ಹೊಸ್ತಿಲಲ್ಲಿ ಕಾಯುತ್ತಿದ್ದಳು.

“ಹೆಂಗ ಕುಂತ್ವು? ಬೆರಳಿಗೆ ಒತ್ತಲಿಲ್ಲಾ?”

“ಕುಂತ್ವು ಬಿಡು.”

“ಹುಡುಗಿ ಏನಂದ್ಲು?”

“ಏನಂತಾಳ? ನಾಚಗೊಂಡ್ಲು.”

ಅವಳಿಗೆ ಇನ್ನೂ ಕೇಳುವುದಿತ್ತು. ಅವನಿಗೆ ಹೇಳಲು ಅಷ್ಟೇ ಇತ್ತು.

ಹೀಗೆ ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ಒಂದು ಸುದ್ದಿ ಬಂತು. ಗಂಗವ್ವ ಮಾಡಿದ ಉಂಗುರ ತೊಟ್ಟ ಹುಡುಗಿಯೊಬ್ಬಳ ಗಂಡ ಲಾರಿ ಬಡಿದು ಸತ್ತಿದ್ದ. ಅಂದು ಅವಳು ಒಲೆ ಹಚ್ಚಲಿಲ್ಲ. ಮರುದಿನವೂ ಹಚ್ಚಲಿಲ್ಲ. ನನ್ನನ್ನು ಬಟ್ಟೆಯಲ್ಲಿ ಸುತ್ತಿ ಮೂಲೆಗೆ ತಳ್ಳಿ, “ನನ್ನ ಕೈ ತಾಗಿತು ಯಣ್ಣಾ, ಆ ಕೂಸಿಗೆ ನನ್ನ ಕೈ ತಾಗಿತು,” ಎಂದು ಅಳುತ್ತ ಕೂತಳು.

ಮಾನಪ್ಪ ಬಾಗಿಲಲ್ಲಿ ನಿಂತಿದ್ದ.

“ನಿನ್ನ ಮದಿವ್ಯಾಗ ನಿನ್ನ ಕಾಲಿಗೆ ಉಂಗುರ ಮಾಡಿದವ್ರು ಯಾರು?”

ಗಂಗವ್ವ ತಲೆ ಎತ್ತಿದಳು.

“ನಾನ ಮಾಡಿದ್ದೆ,” ಎಂದ ಅವನು. “ಕೈ ಗಟ್ಟಿ ಇದ್ದಾಗ. ಇರೋ ಒಬ್ಬಾಕಿ ತಂಗಿ ಅಂತ ಜೀವ ತೇದು ಮಾಡಿದ್ದೆ. ಏನಾತು? ಕೈಗುಣ ಅಂತ, ಕೈಗುಣ!”

ಸಂಜೆ ಅವಳು ಎದ್ದು ನನ್ನ ಬಟ್ಟೆ ಬಿಚ್ಚಿದಳು.

ಆಮೇಲೆ ಬಹಳ ದಿನ ಮಾನಪ್ಪ ಬದುಕಲಿಲ್ಲ. ಅವನ ಸಾವಿಗೆ ನಾಲ್ಕಾರು ಹಳ್ಳಿಯವರು ಬಂದರು. ಅಂಥ ಕೈ ಇನ್ನು ಹುಟ್ಟುವುದಿಲ್ಲ ಎಂದು ಹೆಂಗಸರು ಬಾಯಿ ಬಡಿದುಕೊಂಡರು. ಗಂಗವ್ವ ಒಳಗೆ ಎಲ್ಲರಿಗೂ ಚಹಾ ಮಾಡುತ್ತಿದ್ದಳು. ಪಡಸಾಲೆಗೆ ಬೀಗ ಬಿತ್ತು. ಪತ್ತಾರನೇ ಇಲ್ಲದ ಮೇಲೆ ಪತ್ತಾರನ ಮನೆಗೆ ಯಾರು ಬರುತ್ತಾರೆ? ನಾನು ಗೋಡೆಯ ಮಾಡದಲ್ಲಿ ಬಿದ್ದುಕೊಂಡೆ. ಬೆಳ್ಳಿ ಹಾಯದ ತೂತುಗಳಲ್ಲಿ ಧೂಳು ತುಂಬಿತು. ಬಂದು ಹೋಗುವವರಿಂದಾದ ಒಂಟಿತನ ನನಗೆ ಗೊತ್ತಿತ್ತು. ಯಾರೂ ಬಾರದ್ದು ಅದಕ್ಕಿಂತ ಕೆಟ್ಟದ್ದು.

ಒಂದು ದಿನ ಗಾಣದ ಮನೆಯ ನೀಲವ್ವ ಬಂದಳು. ಮಗಳ ಮದುವೆ ಗೊತ್ತಾಗಿತ್ತು. ಸವೆದು ತಂತಿಯಷ್ಟಾದ ತನ್ನ ಹಳೆಯ ಜೋಡಿಯನ್ನು ತೋರಿಸಿದಳು. ಅದು ಗಂಗವ್ವನ ಕೈಯದು, ಬೆಸುಗೆ ನೋಡಿದ ಕೂಡಲೇ ನನಗೆ ಗೊತ್ತಾಯಿತು.

“ಅಂಗಡ್ಯಾಗ ಬೇಕಾದಷ್ಟು ಅದಾವ ಯಕ್ಕಾ. ಆದ್ರ ಮನಸು ಒಲ್ಲದು. ನಮ್ಮ ಮನೆಯವ್ರು ದವಾಖಾನ್ಯಾಗ ಇವತ್ತೋ ನಾಳೆಯೋ ಅನ್ನೂವಂಗ ಬಿದ್ದಿದ್ರು. ಈ ಉಂಗುರ ಹಿಡಕೊಂಡು ಕುಂತಿದ್ದೆ. ಎದ್ದು ಬಂದ್ರು. ಮಾನಪ್ಪಣ್ಣನ ಕೈಗುಣ ಅದು. ನನ್ನ ಮಗಳಿಗೆ ಅದು ಇಲ್ಲದಂಗಾತು.”

ಗಂಗವ್ವನ ಬಾಯಿ ತೆರೆಯಿತು. ಹೇಳಬೇಕೆಂದು ಅವಳಿಗೆ ಎಷ್ಟು ಆಸೆಯಿತ್ತೆಂಬುದು ನನಗೆ ಗೊತ್ತು. ಒಂದೇ ಮಾತು ಸಾಕಿತ್ತು. ಆದರೆ ಆ ಮಾತು ಕೇಳಿದ ಮೇಲೆ ನೀಲವ್ವ ತನ್ನ ಕಾಲನ್ನು ಹೇಗೆ ನೋಡಿಕೊಳ್ಳುತ್ತಾಳೆ? ಊರಲ್ಲಿ ಆ ಉಂಗುರ ತೊಟ್ಟ ಅಷ್ಟೂ ಹೆಣ್ಣುಮಕ್ಕಳು ಹೇಗೆ ನೋಡಿಕೊಳ್ಳುತ್ತಾರೆ? ಗಂಗವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಹೌದವ್ವ. ನಮ್ಮಣ್ಣನ ಕೈಗುಣ ದೊಡ್ಡದು,” ಎಂದಳು. “ಹೋಗೂಕಿಂತ ಮೊದ್ಲ ಒಂದು ಜೋಡಿ ಮಾಡಿಟ್ಟಾನ. ಎಲ್ಲಿಟ್ಟೀನೋ ಹುಡುಕಬೇಕು. ಹಳೇದು ಕೊಟ್ಟು ಹೋಗು, ಸೋಮವಾರ ಬಾ.”

ನೀಲವ್ವ ಬೀದಿ ದಾಟುವಷ್ಟರಲ್ಲಿ ನನ್ನ ಧೂಳು ಕೊಡವಿಯಾಗಿತ್ತು.

ಹೀಗೆ ಸತ್ತ ಮಾನಪ್ಪ ಮತ್ತೆ ಕೆಲಸಕ್ಕೆ ಕೂತ. ಒಂದು ಜೋಡಿಯ ಸುದ್ದಿ ಹಬ್ಬಿ ಇನ್ನೊಬ್ಬರು ಬಂದರು, ಮತ್ತೊಬ್ಬರು ಬಂದರು. ಪ್ರತಿ ಸಲವೂ ಗಂಗವ್ವ ಹುಡುಕಿ ನೋಡುತ್ತೇನೆ ಎನ್ನುತ್ತಿದ್ದಳು, ಪ್ರತಿ ಸಲವೂ ಸಿಗುತ್ತಿತ್ತು. “ಅದೆಷ್ಟು ಮಾಡಿಟ್ಟು ಹೋಗ್ಯಾನೋ ಪುಣ್ಯಾತ್ಮ, ತಂಗಿಗೆ ಒಂದು ದಾರಿ ಮಾಡಿ ಹೋದ,” ಎಂದು ಜನ ಕೊಂಡಾಡಿದರು. ಬದುಕಿದ್ದಾಗ ಅವನು ಅಷ್ಟು ಕೆಲಸ ಮಾಡಿದ್ದನ್ನು ನಾನಂತೂ ಕಾಣೆ. ಗಂಗವ್ವನ ಕೆಲಸ ಮಾತ್ರ ವರ್ಷದಿಂದ ವರ್ಷಕ್ಕೆ ನಯವಾಯಿತು. ಒಮ್ಮೊಮ್ಮೆ ಮುಗಿದ ಉಂಗುರವನ್ನು ನನ್ನ ಮುಂದೆ ಹಿಡಿದು, “ಹೆಂಗೈತಿ?” ಎಂದು ಕೇಳುತ್ತಿದ್ದಳು. ಕೇಳಲು ಅವಳಿಗೆ ಬೇರೆ ಯಾರಿದ್ದರು?

ಈಗ ನನ್ನ ತೂತುಗಳು ಸವೆದು ಅಗಲವಾಗಿವೆ. ಅವಳ ಬೆರಳ ಗಂಟುಗಳು ಊದಿಕೊಂಡಿವೆ. ಕಳೆದ ಬೇಸಿಗೆಯಲ್ಲಿ ಇಕ್ಕಳ ಅವಳ ಕೈಯಿಂದ ಮೂರು ಸಲ ಜಾರಿತು. ತಂತಿ ಅರ್ಧ ನನ್ನೊಳಗೆ, ಅರ್ಧ ಹೊರಗೆ ಉಳಿಯಿತು. ಅವಳು ಅದನ್ನು ಹಾಗೆಯೇ ಬಿಟ್ಟು ಎದ್ದಳು. ನನ್ನ ಬಳಿ ಬಂದ ಬೆಳ್ಳಿಯಲ್ಲಿ ಉಳಿದುಕೊಂಡದ್ದು ಅದೊಂದೇ.

ಮರುದಿನ ಯಾರೋ ಮದುವೆಯವರು ಬಂದು ಬಾಗಿಲಲ್ಲಿ ನಿಂತರು.

“ಮುಗದ್ವು ಯವ್ವಾ,” ಎಂದಳು ಗಂಗವ್ವ. “ಅಣ್ಣ ಮಾಡಿಟ್ಟಿದ್ದು ಎಲ್ಲಾ ಮುಗದ್ವು.”

ಸುದ್ದಿ ಊರೆಲ್ಲ ಹರಡಿತು. ಕಟ್ಟೆಯ ಮೇಲೆ, ನಲ್ಲಿಯ ಬಳಿ ಜನ ಮಾನಪ್ಪನನ್ನು ನೆನೆದು ಮತ್ತೊಮ್ಮೆ ಮರುಗಿದರು. ಒಬ್ಬಿಬ್ಬರು ಮನೆಗೇ ಬಂದು ಕಣ್ಣೀರು ಹಾಕಿದರು. ಗಂಗವ್ವ ಊದಿದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವರಿಗೆ ಸಮಾಧಾನ ಹೇಳಿ ಕಳುಹಿಸಿದಳು.