ಎಡಕ್ಕೆ ಎಳೆಯುವ ಕಾರು

ಸೋಮಸುಂದರಂ ಬ್ರೇಕ್ ತುಳಿದ. ಕೆಂಪು ಕಾರು ಎಡಕ್ಕೆ ಹೊರಳಿ, ಪಕ್ಕದ ಮನೆಯ ಕೋಳಿಗೂಡಿಗೆ ಮೂಗು ತಾಗಿಸಿ ನಿಂತಿತು. ಕೋಳಿಗಳು ದೂರದ ಪಲ್ಲಡಂ ಊರಿನವರೆಗೂ ಕೇಳುವಂತೆ ಅರಚಿಕೊಂಡವು.

“ಏಂಡಾ ಸೋಮು,” ಜಗಲಿಯಿಂದ ಅವನ ತಾಯಿ ಜಾನಕಿಯಮ್ಮ ಕೂಗಿದಳು, “ಬೆಳಗ್ಗಿಂದ ಆ ಹುಂಜನ ಹತ್ರಾನೇ ಹೋಯ್ತೈತಲ್ಲಾ ನಿನ್ ಕಾರು! ಒಳ್ಳೆ ದಿನ ನೋಡಿ ತಾಳಿ ಕಟ್ಟಿಸ್ಬುಡು.”

“ಸುಮ್ನಿರಮ್ಮಾ. ಮದ್ಯಾನ ಸಣ್ಣ ಮೊದಲಾಳಿ ಬಂದ್ಬುಡ್ತಾರೆ. ಹೊಸ ಹೆಂಡ್ತಿನ ಕೂರಿಸ್ಕೊಂಡು ಅವರೇ ಓಡಿಸ್ಕೊಂಡು ಕೋತಗಿರಿಗೆ ಹೋಗ್ತಾರಂತೆ. ಬೆಟ್ಟ ಇಳಿಯುವಾಗ ಹಿಂಗೆ ಎಳೆದ್ರೆ…”

ಆ ದಾರಿಯ ತಿರುವುಗಳಲ್ಲಿ ರಸ್ತೆಯ ಅಂಚು ದಾಟಿದರೆ ಪಾತಾಳವೇ.

ಮಿಲ್ಲಿನ ಮಾಲೀಕನ ಮಗ, ಈ ಸಣ್ಣ ಮೊದಲಾಳಿ, ವಿಲಾಯತಿ ಸೀಮೆಯಿಂದ ತರಿಸಿದ ಎರಡೇ ಸೀಟಿನ ಕಾರು ಅದು. ಅದನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಸೋಮಸುಂದರಂ. ಆಯುಧಪೂಜೆಗೆಂದು ಅಪ್ಪಣೆ ಕೇಳಿ ನಿನ್ನೆ ಮನೆಗೆ ತಂದಿದ್ದ. ಪೆರಿಯನಾಯಕನಪಾಳ್ಯದ ನೇಕಾರರ ಬೀದಿಯಲ್ಲಿ ಎಲ್ಲರೂ ಮಗ್ಗಕ್ಕೆ ಗಂಧ ಹಚ್ಚಿದರೆ ಅವನ ಮನೆಯಲ್ಲಿ ಕಾರಿಗೂ ಹಚ್ಚಿದ್ದರು. ನಿನ್ನೆ ದಾರ ಹಿಡಿದಷ್ಟು ನೆಟ್ಟಗೆ ಬಂದ ಕಾರಿಗೆ ಇವತ್ತು ಈ ಹಠ.

ಗಾಳಿ ನೋಡಿದ. ಜಾಕಿ ಕೊಟ್ಟು ಚಕ್ರಗಳನ್ನು ಕೈಯಲ್ಲಿ ತಿರುಗಿಸಿದ, ಅಲ್ಲಾಡಿಸಿದ. ಬಲಗಡೆಯದು ಬುಗುರಿಯ ಹಾಗೆ ಸುತ್ತಿತು. ಎಡಗಡೆಯ ಬ್ರೇಕೇ ಅತಿಯಾಗಿ ಹಿಡಿಯುತ್ತಿದೆ ಎಂದುಕೊಂಡು ಅದರ ತಂತಿಯನ್ನು ಸಡಿಲಿಸಿ ಮತ್ತೆ ಓಡಿಸಿದ. ಕಾರು ನೆಟ್ಟಗೆ ನಿಂತಿತು. ಆದರೆ ನಿಲ್ಲಬೇಕಾದಲ್ಲಿಂದ ಎರಡು ಮನೆ ದಾಟಿ.

“ಮೆಲ್ಲಗೆ ಓಡ್ಸಿ ಅಂತ ಹೇಳ್ಬುಡ್ತೀನಿ,” ಎಂದು ಬೆವರು ಒರೆಸಿಕೊಂಡ.

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಪಂಕಜಂ ಸೆರಗಿನ ಅಂಚನ್ನು ಸುತ್ತುತ್ತಿದ್ದಳು. ಹೋದ ಆವಣಿ ತಿಂಗಳಲ್ಲಷ್ಟೇ ಮದುವೆಯಾಗಿ ಬಂದವಳು. ಅತ್ತೆಯ ಎದುರು ಗಂಡನ ಜೊತೆ ನೇರವಾಗಿ ಮಾತಾಡುವ ವಾಡಿಕೆಯಿಲ್ಲ.

“ಅತ್ತೆ… ಬಲಗಡೆ ಚಕ್ರ ಬಿಚ್ಚಿ ನೋಡೋಕೆ ಹೇಳಿ.”

“ಯಾಕೇ? ರಾತ್ರಿ ನಿನ್ ಕನಸಲ್ಲಿ ಬಂದು ಹೇಳ್ತಾ ಅದು?”

“ಪೂಜೆಗೆ ಮುಂಚೆ ನಾನು ಎಣ್ಣೆ ಬಿಟ್ಟೆ.” ದನಿ ನೆಲಕ್ಕಿಳಿಯಿತು. ಅವಳ ಅಪ್ಪ ಅನ್ನೂರಿನಲ್ಲಿ ಎತ್ತಿನಗಾಡಿಯಲ್ಲಿ ನೂಲಿನ ಮೂಟೆ ಸಾಗಿಸುವವನು. “ನಮ್ಮಪ್ಪನ ಗಾಡಿಗೆ ಎಣ್ಣೆ ಬಿಡ್ದೆ ಪೂಜೆ ಮಾಡೋದಿಲ್ಲ. ಹಂಗೇ ಅಂದ್ಕೊಂಡು… ಒಳಗಡೆ ಸಂದಿಗೆ… ಒಂದು ಚೊಂಬು.”

“ಎಡಗಡೆಗೆ?” ಅತ್ತೆ ಕೇಳಿದಳು.

“ಅಷ್ಟ್ರಲ್ಲಿ ನೀವು ವಡೆ ಹಾಕೋಕೆ ಕರೆದ್ರಿ.”

ಜಾನಕಿಯಮ್ಮನ ನಾಲಿಗೆಗೆ ಸಿಕ್ಕಿ ಒಮ್ಮೆ ಪೊಲೀಸಿನವನೇ ಟೊಪ್ಪಿಗೆ ಬಿಟ್ಟು ಓಡಿದ್ದನೆಂದು ಬೀದಿಯೆಲ್ಲ ಹೇಳುತ್ತಿತ್ತು. ಪಂಕಜಂ ತಲೆ ಎತ್ತಲಿಲ್ಲ.

ಸೋಮಸುಂದರಂ ಆಗಲೇ ಚಕ್ರ ಕಳಚಿದ್ದ. ಒಳಗಿನ ಡ್ರಮ್ ಎಳೆದಾಗ, ಅದನ್ನು ಒತ್ತಿ ಹಿಡಿಯಬೇಕಾದ ಬ್ರೇಕ್ ಪಟ್ಟಿಗಳು ಎಣ್ಣೆಸ್ನಾನ ಮಾಡಿ ಮಿರಮಿರ ಮಿಂಚುತ್ತಿದ್ದವು. ಜಾನಕಿಯಮ್ಮ ಬಂದು ಬೆರಳಿಟ್ಟು ಮೂಸಿದಳು.

“ಹರಳೆಣ್ಣೆ! ಚೊಂಬು ಹರಳೆಣ್ಣೆ ಕುಡಿಸಿ ನಿಲ್ಲು ಅಂದ್ರೆ ಯಾವನು ತಾನೆ ನಿಲ್ತಾನೆ? ಮೂರು ದಿನ ಚೊಂಬು ಹಿಡ್ಕೊಂಡು ಓಡ್ತಾನೇ ಇರ್ತಾನೆ!”

ಸೋಮಸುಂದರಂ ನೆಲದ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. “ಒಳಗೆ ಏನೋ ಒಡೆದೈತೆ, ಸೀಮೆಯಿಂದಾನೇ ಬರ್ಬೇಕು ಅಂದ್ಕೊಂಡಿದ್ದೆ ಕಣಮ್ಮಾ. ಎಣ್ಣೆ ತಾನೇ! ಎಣ್ಣೆ ತಾನೇ!”

“ಇವಳು ಬಾಯಿ ಬಿಡ್ದೆ ಇದ್ದಿದ್ರೆ ಆ ಬೆಟ್ಟದ ಕೆಳಗೆ ಹೋಗಿ ಹುಡುಕ್ಬೇಕಿತ್ತು ನಿನ್ ಮೊದಲಾಳಿನ,” ಎಂದಳು ಜಾನಕಿಯಮ್ಮ. “ಏನ್ ನೋಡ್ತಾ ನಿಂತಿದ್ದೀಯೆ? ಕುಡಿಸಿದೋಳೇ ತೊಳಿ.”

ಪಂಕಜಂ ಪೆಟ್ರೋಲಿನಲ್ಲಿ ಪಟ್ಟಿಗಳನ್ನು ತಿಕ್ಕಿ ತಿಕ್ಕಿ ತೊಳೆದಳು. ಅವನು ಅವನ್ನು ಬಯಲಿಗೆ ಒಯ್ದು ಬೆಂಕಿ ತೋರಿಸಿ, ಒಳಗೆ ಇಳಿದಿದ್ದ ಎಣ್ಣೆಯನ್ನು ಸುಟ್ಟ. ಮರಳುಕಾಗದದಿಂದ ಉಜ್ಜಿದ. ಡ್ರಮ್ ಒರೆಸಿ ಎಲ್ಲ ಕೂಡಿಸಿ, ಎಡಗಡೆಯ ತಂತಿಯನ್ನು ಮೊದಲಿನಂತೆ ಬಿಗಿದ.

ಬೀದಿಯ ಇಳಿಜಾರಿನ ಕೊನೆಯಲ್ಲಿ ನೇಕಾರ್ತಿ ಪಳನಿಯಮ್ಮ ಮಗ್ಗದ ಹಾಸು ನೂಲನ್ನು ಕವೆಗೋಲುಗಳ ಮೇಲೆ ಬೀದಿಗೆ ಅಡ್ಡಲಾಗಿ ಎಳೆದು ಗಂಜಿ ಹಚ್ಚುತ್ತಿದ್ದಳು. ಸೋಮಸುಂದರಂ ಕಾರನ್ನು ಮೇಲಿನ ತುದಿಗೆ ತಂದಾಗ ಜಾನಕಿಯಮ್ಮ ಸೀರೆ ಎತ್ತಿ ಕಟ್ಟಿ ಪಕ್ಕದ ತಗ್ಗು ಸೀಟಿಗೆ ಇಳಿದು ಕೂತಳು.

“ಅಮ್ಮಾ, ಬೇಡ.”

“ನಾ ಹೋದ್ರೆ ಊರೆಲ್ಲ ಪಾಯಸ ಕುಡೀತೈತೆ. ಮೊದಲಾಳಿಯ ಆ ಹೊಸ ಹೆಂಡ್ತಿ ಹೋದ್ರೆ? ಓಡ್ಸು.”

ಕಾರು ಇಳಿಯಿತು. ಪಳನಿಯಮ್ಮ ಗಂಜಿ ಕುಂಚ ಎತ್ತಿ, “ಅಯ್ಯಯ್ಯೋ, ನನ್ ನೂಲು! ನನ್ ನೂಲು!” ಎಂದು ಕಿರುಚಿದಳು. ಪಂಕಜಂ ಹಿಂದೆಯೇ ಓಡಿಬಂದಳು. ಬ್ರೇಕ್ ಬಿತ್ತು. ಧೂಳು ಎದ್ದು ಏನೂ ಕಾಣದಾಯಿತು.

ಧೂಳು ಇಳಿದಾಗ ಕಾರಿನ ಮೂಗು ನೂಲಿಗೆ ಒಂದು ಮೊಳ ಈಚೆಗಿತ್ತು. ಅದರ ಹಿಂದೆ ಮಣ್ಣಿನಲ್ಲಿ ಚಕ್ರದ ಗೆರೆಗಳು ಎರಡೂ ಸಮನಾಗಿ, ನೆಟ್ಟಗೆ ಬಂದು ನಿಂತಿದ್ದವು.

ಜಾನಕಿಯಮ್ಮ ಏಳಲು ನೋಡಿದಳು. ತಗ್ಗು ಸೀಟು ಬಿಡಲಿಲ್ಲ. ಮಗ ಕೈ ಚಾಚಿದ. ಅವಳು ಅದನ್ನು ತಳ್ಳಿದಳು.

“ಬಾ ನನ್ ಕಣ್ಣೂ,” ಎಂದು ಸೊಸೆಯನ್ನು ಕರೆದಳು. “ನೀನೇ ಎಬ್ಬಿಸು.”

ಪೆಟ್ರೋಲಿನಿಂದ ಬೆಳ್ಳಗೆ ಬಿರಿದ ಕೈಗಳನ್ನು ಪಂಕಜಂ ಸೀರೆಗೆ ಒರೆಸಿಕೊಂಡು, ಬಾಗಿ, ಮುದುಕಿಯ ಎರಡೂ ಕೈ ಹಿಡಿದಳು.