ಬೆನ್ನ ಹಿಂದೆ ಬಿದ್ದ ಚೆಂಡು

ಅಶ್ವಿನಿಯ ಕೈ ಪಳಗಿದ್ದು ಮೈದಾನದಲ್ಲಲ್ಲ, ಸಾಲಗುಂದದ ಕೆಸರುಗದ್ದೆಯಲ್ಲಿ. ಅವಳ ತಾಯಿ ಆದಮ್ಮ ಭತ್ತ ನಾಟಿ ಮಾಡುವ ಹೆಂಗಸರ ಗುಂಪಿಗೆ ಮುಂದಾಳು. ನಾಟಿ ಮಾಡುವವರು ಬಗ್ಗಿದಲ್ಲೇ ಹಿಂದೆ ಹಿಂದೆ ಸರಿಯುತ್ತಾರೆ. ಬದುವಿನ ಮೇಲೆ ನಿಂತವಳು ಸಸಿಯ ಕಟ್ಟನ್ನು ಅವರ ಬೆನ್ನ ಹಿಂದೆ ಎಸೆಯಬೇಕು, ಕೈಯಲ್ಲಿದ್ದ ಸಸಿ ಮುಗಿಯುವ ಹೊತ್ತಿಗೆ ಹೊಸ ಕಟ್ಟು ಸಿಗುವ ಹಾಗೆ. ಅಶ್ವಿನಿಯ ಗುರಿ ಗೇಣುದ್ದವೂ ತಪ್ಪುತ್ತಿರಲಿಲ್ಲ.

ಸಿಂಧನೂರಿನ ಕಾಲೇಜು ಸೇರಿದಾಗ ಆಟದ ಮೇಡಂ ಶಿವಕುಮಾರಿ ಅವಳ ಕೈಗೆ ಅಮೆರಿಕನ್ ಫುಟ್‌ಬಾಲ್ ಇಟ್ಟರು. ಎರಡೂ ತುದಿ ಚೂಪಾದ ಚೆಂಡು. ಹೆಸರು ಕಾಲಿನದು, ಕಾರುಬಾರೆಲ್ಲ ಕೈಯದು, ಹೆಸರಿಟ್ಟವರನ್ನೇ ಕೇಳಬೇಕು! ಎದುರಾಳಿಗಳು ಮೈಮೇಲೆ ಬೀಳುವುದರೊಳಗೆ, ಓಡುವ ಜೊತೆಗಾತಿಗೆ ಚೆಂಡು ಎಸೆಯುವವಳೇ ಕ್ವಾರ್ಟರ್‌ಬ್ಯಾಕ್. ಅಶ್ವಿನಿ ಎಸೆದಳು. ಚೆಂಡು ಓಡುವವಳ ಬೆನ್ನ ಹಿಂದೆ ಬಿತ್ತು. ಮತ್ತೆ ಎಸೆದಳು, ಮತ್ತೆ ಬೆನ್ನ ಹಿಂದೆ.

"ಆಕಿ ಮುಂದ ಓಡಾಕತ್ಯಾಳ, ನೀ ಹಿಂದ ಒಗಿತಿಯಲ್ಲ ಬೇ! ಇನ್ನ ಮ್ಯಾಲ ಹಿಂದ ಒಗದವರು ಗ್ರೌಂಡು ಎರಡು ಸುತ್ತು ಓಡಬೇಕು," ಎಂದರು ಮೇಡಂ.

ಆ ವರ್ಷ ಅಶ್ವಿನಿ ಓಡಿದ ಸುತ್ತುಗಳಲ್ಲಿ ಮಸ್ಕಿಗೆ ಹತ್ತು ಸಲ ಹೋಗಿ ಬರಬಹುದಿತ್ತು. ಆದರೂ ಹಟ ಬಿಡಲಿಲ್ಲ. ಗದ್ದೆ ಕಲಿಸಿದ್ದನ್ನು ಮರೆತು, ಮುಂದಕ್ಕೆ ಎಸೆಯುವುದನ್ನು ಕಲಿತಳು. ಕಾಲೇಜು ಮುಗಿದ ಮೇಲೂ ಮೇಡಂ ತಂಡದಲ್ಲೇ ಉಳಿದು, ಒಟ್ಟು ಎಂಟು ವರ್ಷ ಆಡಿ ಮೂರು ಕಪ್ ತಂದಳು. ನಾಲ್ಕನೆಯದರ ಹೊತ್ತಿಗೆ ಬಲಭುಜ ಕೈಕೊಟ್ಟಿತು. ಈ ಫೈನಲ್ ಆದಮೇಲೆ ಚೆಂಡು ಮುಟ್ಟಬೇಡ ಎಂದರು ಡಾಕ್ಟರು. ಸೋತು ಮನೆಗೆ ಹೋಗಲು ಅವಳು ತಯಾರಿರಲಿಲ್ಲ.

ಫೈನಲ್ ನಡೆದದ್ದು ಲಿಂಗಸುಗೂರಿನಲ್ಲಿ. ನಾಲ್ಕು ಪಾಯಿಂಟ್ ಹಿಂದಿದ್ದರು, ಉಳಿದದ್ದು ಒಂದೇ ಎಸೆತ. ಕೊನೆಯ ಗೆರೆಯಾಚೆ ಚೆಂಡು ನೆಲಕ್ಕೆ ಬೀಳದಂತೆ ಹಿಡಿದರೆ ಆರು ಪಾಯಿಂಟ್. ಅಶ್ವಿನಿಯ ಭುಜ ಸೆಳೆತಕ್ಕೆ ನಡುಗುತ್ತಿತ್ತು. ಮೇಡಂ ಬೇರೆಯವಳನ್ನು ಇಳಿಸಲು ಕೈ ಎತ್ತಿದರು.

"ಮೇಡಂರೀ, ಇದೊಂದು ಚೆಂಡು ನಂದು. ಸೋತ್ರ ನನ್ನ ಹೆಸರ್ಲೆ ಸೋಲೂಣ್ರಿ," ಎಂದಳು ಅಶ್ವಿನಿ.

ಮೇಡಂ ಅವಳ ಮುಖ ನೋಡಿ ಕೈ ಇಳಿಸಿದರು.

ಚೆಂಡು ಹಿಡಿಯಬೇಕಾದವಳು ಮೆಹರಬಾನು, ಸಾಲಗುಂದದವಳೇ, ಆದಮ್ಮನ ಗುಂಪಿನಲ್ಲೇ ನಾಟಿ ಮಾಡಿ ಬೆಳೆದವಳು. ಅಶ್ವಿನಿ ಅವಳ ಕಿವಿಯಲ್ಲಿ ಹೇಳಿದಳು: "ದೂರ ಒಗಿಯಾಕ ಆಗಂಗಿಲ್ಲ. ಸಸಿ ಕಟ್ಟು ಒಗದಂಗ ಒಗಿತೀನಿ."

"ಒಗಿ. ನಾ ಹಿಂದ ಸರಿತೀನಿ," ಎಂದಳು ಮೆಹರಬಾನು.

ಮೆಹರಬಾನು ಓಡಿದಳು, ಎದುರು ತಂಡದ ಕಾವಲಿನವಳು ಅವಳ ಪಕ್ಕದಲ್ಲೇ. ಇಬ್ಬರೂ ಗೆರೆ ದಾಟಿದರು. ಅಶ್ವಿನಿ ಹಲ್ಲು ಕಚ್ಚಿ ಎಸೆದಳು. ಚೆಂಡು ಮುಂದೆ ಬರುತ್ತದೆಂದು ಕಾವಲಿನವಳು ಓಡುತ್ತಲೇ ಹೋದಳು. ಮೆಹರಬಾನು ಗಕ್ಕನೆ ನಿಂತು, ತಿರುಗಿಯೂ ನೋಡದೆ ಎರಡು ಹೆಜ್ಜೆ ಹಿಂದೆ ಸರಿದಳು, ಕೆಸರಿನಲ್ಲಿ ಸರಿಯುತ್ತಿದ್ದಂತೆಯೇ. ಆಮೇಲೆ ಹೊರಳಿದಳು. ಚೆಂಡು ಅವಳ ಎದೆಗೆ ಬಂದಿತ್ತು, ಗೆರೆಯಾಚೆಯೇ ಅಪ್ಪಿ ಹಿಡಿದಳು.

ಮೈದಾನವೆಲ್ಲ ಕೂಗಿತು. ಅಶ್ವಿನಿ ಭುಜ ಹಿಡಿದುಕೊಂಡು ನೆಲಕ್ಕೆ ಕುಳಿತು ಅತ್ತಳು, ನೋವಿಗಲ್ಲ, ಸಂತೋಷಕ್ಕೆ. ಆಟ ನೋಡಲು ಬಂದಿದ್ದ ಆದಮ್ಮ ಜನರನ್ನು ಸರಿಸಿಕೊಂಡು ಬಂದಳು.

"ಇಷ್ಟ ಚಂದ ಬರತೈತಿ. ಎಂಟು ವರ್ಷ ಯಾಕ ಮುಂದ ಒಗಿಯಾಕತ್ತಿದ್ದಿ ಬೇ?"

ಉತ್ತರ ಹೇಳಬೇಕಾದವರು ಮೇಡಂ. ಅವರು ಕೊರಳಿನ ಸೀಟಿ ತೆಗೆದು ಅಶ್ವಿನಿಯ ಕೊರಳಿಗೆ ಹಾಕಿದರು, ಐವತ್ತರ ಮೊಣಕಾಲುಗಳನ್ನು ಒಮ್ಮೆ ನೀವಿಕೊಂಡರು, ಗ್ರೌಂಡಿನ ಅಂಚು ಹಿಡಿದು ಓಡತೊಡಗಿದರು. ಒಂದು ಸುತ್ತು ಮುಗಿಸಿ ಏದುಸಿರು ಬಿಡುತ್ತ ನಿಲ್ಲಬೇಕೆನ್ನುವಾಗ ಅಶ್ವಿನಿ ಕಣ್ಣೊರೆಸಿಕೊಂಡು ಸೀಟಿ ಊದಿದಳು.

"ಇನ್ನೊಂದು ಸುತ್ತು ಬಾಕಿ ಐತ್ರಿ, ಮೇಡಂರೀ."